ಉಪ್ಪಿನಕಾಯಿ ಅದೇ ಇರಲಿ, ಲೇಬಲ್ಲು ಮತ್ತು ವೆಬ್‌ಸೈಟ್ ಬದಲಿಸೋಣ

ಉಪ್ಪಿನಕಾಯಿ ಚೆನ್ನಾಗಿದೆ, ಲೇಬಲ್ ಹಳೆಯದಾಗಿದೆ. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆ ಉದ್ಯಮಗಳ ಕತೆ ಇದೇ. ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಹಲಸಿನ ಹಪ್ಪಳ, ಚಟ್ನಿಪುಡಿ ಮಾಡಿ ವರ್ಷಗಟ್ಟಲೆ ಮಾರಿದ್ದಾರೆ, ಕಾಯಂ ಗಿರಾಕಿಗಳಿದ್ದಾರೆ. ಲೇಬಲ್ಲನ್ನು ಊರಿನ ಪ್ರೆಸ್ಸಿನವರು ಯಾವತ್ತೋ ಮಾಡಿಕೊಟ್ಟಿದ್ದು. ವೆಬ್‌ಸೈಟ್ ಅಂತ ಒಂದಿದೆ, ಅದನ್ನು ಮಾಡಿಕೊಟ್ಟ ಪರಿಚಯದ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ, ಅದರಲ್ಲಿರುವ ಬೆಲೆ ಯಾವ ಕಾಲದ್ದೋ ಅದೂ ಗೊತ್ತಿಲ್ಲ. ಈಗ ಬೆಂಗಳೂರಿನಿಂದ ವಾಪಸ್ ಬಂದ ಮಗನೋ ಸೊಸೆಯೋ "ಎಲ್ಲಾ ಹೊಸದಾಗಿ ಮಾಡೋಣ" ಅನ್ನುತ್ತಾರೆ.

ಮಾಡಿ, ತಪ್ಪಿಲ್ಲ. ಆದರೆ ಆ "ಎಲ್ಲಾ" ಅನ್ನುವ ಮಾತಿನಲ್ಲೇ ದುಡ್ಡು ಪೋಲಾಗುವುದು. ಗಿರಾಕಿ ನಿಮ್ಮನ್ನು ಯಾವುದರಿಂದ ಗುರುತು ಹಿಡಿಯುತ್ತಾನೋ ಅದನ್ನು ಮುಟ್ಟಬೇಡಿ, ಅವನಿಗೆ ಓದಲು, ಹುಡುಕಲು, ಕೊಳ್ಳಲು ಎಲ್ಲಿ ಕಷ್ಟವಾಗುತ್ತಿದೆಯೋ ಅದನ್ನು ಮಾತ್ರ ಬದಲಿಸಿ. ಮುಂದೆ ಹೇಳುವುದೆಲ್ಲ ಈ ಲೆಕ್ಕದಲ್ಲೇ. ಉದಾಹರಣೆಗೆ ಇಡೀ ಬರಹದಲ್ಲಿ ಉಪ್ಪಿನಕಾಯಿ ಉದ್ಯಮವನ್ನೇ ಇಟ್ಟುಕೊಂಡಿದ್ದೇನೆ. ನಿಮ್ಮದು ಬೇಕರಿಯೋ ಸೀರೆ ಅಂಗಡಿಯೋ ಆದರೆ ಆಹಾರದ ಕಾನೂನಿನ ಭಾಗವನ್ನು ಬಿಟ್ಟು ಓದಿಕೊಳ್ಳಿ.

ಯಾವಾಗ ಕೈ ಹಾಕಬೇಕು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಬೇಡ. ಮಿಡಿ ಬರುವ ಕಾಲ, ಹಪ್ಪಳ ಒಣಗಿಸುವ ಕಾಲ, ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ, ಡಿಸೈನರ್ ಕಳಿಸಿದ್ದನ್ನು ನೋಡದೆ "ಓಕೆ" ಅಂದುಬಿಡುತ್ತೀರಿ. ಮಳೆಗಾಲದಲ್ಲಿ ಕೂತು ಮಾಡಿ. ನವರಾತ್ರಿಗೆ ಮುಂಚೆ ಎಲ್ಲ ಸಿದ್ಧವಾಗಿದ್ದರೆ ದೀಪಾವಳಿ ಆರ್ಡರ್‌ಗಳು ಹೊಸ ಪ್ಯಾಕ್‌ನಲ್ಲೇ ಹೋಗುತ್ತವೆ.

ಏನನ್ನು ಉಳಿಸಿಕೊಳ್ಳಬೇಕು

ನಿಮ್ಮ ಮಾಲು ಇಡುವ ನಾಲ್ಕೈದು ಅಂಗಡಿಯವರನ್ನು ಕೇಳಿ: "ಜನ ನಮ್ಮ ಉಪ್ಪಿನಕಾಯಿಯನ್ನು ಏನಂತ ಕೇಳುತ್ತಾರೆ?" ಉತ್ತರ ಕೇಳಿ ನಿಮಗೇ ಆಶ್ಚರ್ಯವಾಗಬಹುದು. ಬೋರ್ಡಿನ ಮೇಲಿರುವ ಹೆಸರನ್ನು ಯಾರೂ ಹೇಳುವುದಿಲ್ಲ. "ಆ ಹಳದಿ ಲೇಬಲ್ಲಿಂದು ಕೊಡಿ", "ಅಜ್ಜಿ ಫೋಟೋ ಇರೋದು ಕೊಡಿ", "ಕೆಂಪು ಮುಚ್ಚಳದ್ದು ಇದ್ಯಾ" ಅನ್ನುತ್ತಾರೆ. ಆ ಹಳದಿ, ಆ ಅಜ್ಜಿ, ಆ ಕೆಂಪು ಮುಚ್ಚಳವೇ ನಿಮ್ಮ ಬ್ರ್ಯಾಂಡ್. ಹೊಸ ಡಿಸೈನರ್‌ಗೆ ಮೊದಲು ಹೇಳಬೇಕಾದ್ದು ಇದನ್ನೇ, ಏಕೆಂದರೆ ಅವರಿಗೆ ಹಳದಿ ಇಷ್ಟವಾಗದಿದ್ದರೆ ತಿಳಿಬೂದು ಬಣ್ಣ ತಂದು "ಪ್ರೀಮಿಯಂ ಆಗಿ ಕಾಣುತ್ತದೆ ಸರ್" ಅಂತಾರೆ.

ದೊಡ್ಡವರೇ ಇದರಲ್ಲಿ ಎಡವಿದ್ದಾರೆ. ಅಮೆರಿಕದಲ್ಲಿ 2009ರ ಜನವರಿಯಲ್ಲಿ ಟ್ರೋಪಿಕಾನಾ ತನ್ನ ಕಿತ್ತಳೆ ಜ್ಯೂಸಿನ ಡಬ್ಬವನ್ನು ಹೊಸದು ಮಾಡಿತು. ಕಿತ್ತಳೆ ಹಣ್ಣಿಗೆ ಸ್ಟ್ರಾ ಚುಚ್ಚಿದ ಹಳೆಯ ಚಿತ್ರವನ್ನು ತೆಗೆದು ಲೋಟದಲ್ಲಿರುವ ಜ್ಯೂಸನ್ನು ಹಾಕಿದರು. ಜನರಿಗೆ ಅಂಗಡಿಯಲ್ಲಿ ತಮ್ಮ ಜ್ಯೂಸೇ ಸಿಗಲಿಲ್ಲ. ಎರಡು ತಿಂಗಳೊಳಗೆ ಮಾರಾಟ ಶೇ 20ರಷ್ಟು ಕುಸಿದು, ಕಂಪನಿ ಹಳೆಯ ಡಬ್ಬಕ್ಕೇ ವಾಪಸ್ ಹೋಯಿತು. ಈ ಕಡೆ ನಮ್ಮ ಮೈಸೂರು ಸ್ಯಾಂಡಲ್ ಸೋಪು ನೋಡಿ. ನೂರು ವರ್ಷಕ್ಕೂ ಹಿಂದಿನಿಂದ ಇದೆ. ಆನೆ ತಲೆ, ಸಿಂಹದ ಮೈಯ ಶರಭ ಈಗಲೂ ಅಲ್ಲೇ ಕೂತಿದೆ. ಅದರ ಹೂವಿನ ಪೆಟ್ಟಿಗೆ ಹಳೆ ಕಾಲದ್ದು ಅಂತ ಯಾರೂ ಕೊಳ್ಳುವುದನ್ನು ಬಿಟ್ಟಿಲ್ಲ.

ಹಾಗಾಗಿ ಒಂದು ಹಾಳೆಯಲ್ಲಿ ಬರೆದಿಡಿ: ಉಳಿಯಬೇಕಾದ್ದು ಏನು. ಸಾಮಾನ್ಯವಾಗಿ ಒಂದು ಬಣ್ಣ, ಒಂದು ಚಿತ್ರ, ಹೆಸರು ಬರೆದಿರುವ ರೀತಿ, ಇಷ್ಟೇ ಇರುತ್ತದೆ. ಮತ್ತೆ ಫೋನ್ ನಂಬರ್. ಹೌದು, ಅದೂ ಸೇರಿ. ಖಾಲಿ ಬಾಟಲಿ ನೋಡಿ ಫೋನ್ ಮಾಡುವವರು ಎಷ್ಟು ಜನ ಇದ್ದಾರೆ ಅಂತ ಆರ್ಡರ್ ತೆಗೆದುಕೊಳ್ಳುವ ಅಮ್ಮನನ್ನು ಕೇಳಿ. ಹೊಸ ಬಿಸಿನೆಸ್ ನಂಬರ್ ತೆಗೆದುಕೊಳ್ಳಲೇಬೇಕಾದರೆ ಹಳೆಯ ಸಿಮ್‌ಗೆ ರೀಚಾರ್ಜ್ ನಿಲ್ಲಿಸಬೇಡಿ.

ಹೆಸರು

ಹೆಸರು ಬದಲಿಸಬೇಡಿ ಅನ್ನುವುದೇ ನನ್ನ ಸಲಹೆ. ತೀರಾ ಉದ್ದವಾಗಿದ್ದರೆ ಮೊಟಕು ಮಾಡಿ. "ಶ್ರೀ ಮಹಾಲಕ್ಷ್ಮಿ ಗೃಹ ಉದ್ಯಮ ಮತ್ತು ಹೋಂ ಪ್ರಾಡಕ್ಟ್ಸ್" ಅನ್ನುವುದು ಬಿಲ್ಲಿನಲ್ಲಿ ಇರಲಿ, ಬಾಟಲಿ ಮೇಲೆ ಎರಡು ಪದ ಸಾಕು.

ಆ ಹೆಸರು ನಿಮ್ಮದಾ ಅಂತ ಮಾತ್ರ ನೋಡಿಕೊಳ್ಳಿ. ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟ್‌ನಲ್ಲಿ ಪಬ್ಲಿಕ್ ಸರ್ಚ್ ಇದೆ, ಅಲ್ಲಿ ಹುಡುಕಿದರೆ ಬೇರೆಯವರು ಅದೇ ಹೆಸರನ್ನು ನೋಂದಾಯಿಸಿದ್ದಾರಾ ಅಂತ ಕಾಣುತ್ತದೆ. ಬರೆಯುವ ರೀತಿ ಬೇರೆ ಇದ್ದರೂ ಉಚ್ಚಾರ ಒಂದೇ ಇದ್ದರೆ ತಕರಾರು ಬರಬಹುದು, ಅದಕ್ಕೇ ಅಲ್ಲಿ ಉಚ್ಚಾರದ ಮೇಲೆ ಹುಡುಕುವ ಆಯ್ಕೆಯೂ ಇದೆ. ಟ್ರೇಡ್‌ಮಾರ್ಕಿಗಾಗಿ ಸರಕುಗಳನ್ನು ವರ್ಗಗಳಾಗಿ ಹಂಚಿದ್ದಾರೆ, ಅದರಲ್ಲಿ ಉಪ್ಪಿನಕಾಯಿ 29ನೇ ವರ್ಗಕ್ಕೆ ಬರುತ್ತದೆ, ಮಸಾಲೆಪುಡಿ 30ನೇ ವರ್ಗಕ್ಕೆ. ಎರಡನ್ನೂ ಮಾರುವವರು ಎರಡು ವರ್ಗಕ್ಕೂ ಅರ್ಜಿ ಹಾಕಬೇಕು. ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ಏಜೆಂಟರ ಫೀಸು ಬೇರೆ. ನೋಂದಣಿ ಸಿಕ್ಕರೆ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು. ಅರ್ಜಿ ಹಾಕಿದ ಮೇಲೆ ಹೆಸರಿನ ಪಕ್ಕ ಟಿಎಂ ಅಂತ ಹಾಕಿಕೊಳ್ಳಬಹುದು. ವೃತ್ತದೊಳಗಿನ ಆರ್ ಗುರುತನ್ನು ನೋಂದಣಿ ಆಗುವ ತನಕ ಹಾಕುವಂತಿಲ್ಲ, ಅದು ಅಪರಾಧ. ಪ್ರೆಸ್ಸಿನವರು ಚಂದಕ್ಕೆ ಅಂತ ಸುಮ್ನೆ ಹಾಕಿಬಿಡುತ್ತಾರೆ, ನೋಡಿಕೊಳ್ಳಿ.

ದೇವರ ಹೆಸರು, ಊರಿನ ಹೆಸರು ಇಟ್ಟುಕೊಂಡವರಿಗೆ ಅದು ತಮ್ಮೊಬ್ಬರದೇ ಅಂತ ಸಾಧಿಸುವುದು ಕಷ್ಟ. ಆಗ ಚಿತ್ರ ಮತ್ತು ಅಕ್ಷರ ಎರಡೂ ಸೇರಿದ ಲೋಗೋವನ್ನು ನೋಂದಾಯಿಸುವುದು ಒಂದು ದಾರಿ. ಇನ್ನೊಂದು ವಿಷಯ: ಅಪ್ಪೆಮಿಡಿಗೂ ಬ್ಯಾಡಗಿ ಮೆಣಸಿನಕಾಯಿಗೂ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಇದೆ. ಅವು ಆಯಾ ಪ್ರದೇಶದ ಸೊತ್ತು. ಪುಡಿಗೆ ಹಾಕುವುದು ಬೇರೆ ಮೆಣಸಿನಕಾಯಿ ಆದರೆ ಹೊಸ ಲೇಬಲ್ಲಿನಲ್ಲಿ "ಬ್ಯಾಡಗಿ" ಅಂತ ಬರೆಯಬೇಡಿ.

ಲೋಗೋ, ಮತ್ತು ನಮ್ಮ ಒತ್ತಕ್ಷರದ ಗೋಳು

ಲೋಗೋ ಚೆನ್ನಾಗಿದೆಯಾ ಅಂತ ಲ್ಯಾಪ್‌ಟಾಪ್‌ನ ದೊಡ್ಡ ಪರದೆ ಮೇಲೆ ನೋಡಿ ತೀರ್ಮಾನಿಸಬೇಡಿ. ವಾಟ್ಸ್ಯಾಪ್ ಡಿಪಿಗೆ ಹಾಕಿ ಚಾಟ್ ಪಟ್ಟಿಯಲ್ಲಿ ನೋಡಿ, ಆ ಸಣ್ಣ ವೃತ್ತದಲ್ಲಿ ಏನು ಕಾಣುತ್ತದೆ? ಬರೀ ಕಪ್ಪಿನಲ್ಲಿ ಪ್ರಿಂಟ್ ತೆಗೆದು ನೋಡಿ. ರಬ್ಬರ್ ಸೀಲು ಮಾಡಿಸಿದರೆ ಓದಲು ಬರುತ್ತದಾ ಯೋಚಿಸಿ. ಈ ಮೂರರಲ್ಲಿ ಪಾಸಾದರೆ ಸಾಕು, ಉಳಿದದ್ದು ರುಚಿಯ ಪ್ರಶ್ನೆ.

ಕನ್ನಡ ಅಕ್ಷರದ ವಿಷಯಕ್ಕೆ ಬಂದರೆ ಕೆಲಸ ಅಷ್ಟು ಸುಲಭ ಅಲ್ಲ. ಕನ್ನಡ ಬಾರದ ಡಿಸೈನರ್ ಫೋಟೋಶಾಪ್‌ನಲ್ಲಿ ನಿಮ್ಮ ಹೆಸರನ್ನು ಪೇಸ್ಟ್ ಮಾಡಿದಾಗ ಒತ್ತಕ್ಷರ ಒಡೆದು "ಅನ್ನ" ಹೋಗಿ "ಅನ್‌ನ" ಆಗುತ್ತದೆ. ಅವರಿಗೆ ಗೊತ್ತೇ ಆಗುವುದಿಲ್ಲ. ಫೋಟೋಶಾಪ್‌ನ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಅಂತ ಒಂದು ಆಯ್ಕೆ ಇದೆ, ಅದನ್ನು ಆನ್ ಮಾಡಿದರೆ ಸರಿಯಾಗುತ್ತದೆ. ಪ್ರೆಸ್ಸಿನವರ ಹಳೆಯ ಕೋರೆಲ್ ಡ್ರಾದಲ್ಲಿ ಯೂನಿಕೋಡ್ (ಈಗಿನ ಫೋನು, ವೆಬ್‌ಸೈಟುಗಳು ಬಳಸುವ ರೂಪದ) ಕನ್ನಡ ಸರಿಯಾಗಿ ಕೂರುವುದಿಲ್ಲ, ಅದಕ್ಕೇ ಅವರು ಇವತ್ತಿಗೂ ನುಡಿ ಫಾಂಟ್ ಬಿಡುವುದಿಲ್ಲ. ನಿಮ್ಮ ಫೈಲನ್ನು ಅವರಿಗೆ ಕೊಡುವ ಮುಂಚೆ ಅಕ್ಷರಗಳನ್ನೆಲ್ಲ ಕರ್ವ್ಸ್ (ಅಂದರೆ ಚಿತ್ರದ ಗೆರೆಗಳು) ಮಾಡಿಸಿ ಕೊಡಿ, ಆಗ ಯಾರ ಕಂಪ್ಯೂಟರ್‌ನಲ್ಲಿ ತೆರೆದರೂ ಅದು ಕದಲುವುದಿಲ್ಲ.

ಫಾಂಟಿಗೆ ದುಡ್ಡು ಕೊಡಬೇಕಾಗಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಅನೇಕ್ ಕನ್ನಡ, ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಎಲ್ಲ ಉಚಿತವಾಗಿ ಇವೆ, ವ್ಯಾಪಾರಕ್ಕೂ ಬಳಸಬಹುದು. ಬಾಲೂ ತಮ್ಮ ದುಂಡಗೆ, ದಪ್ಪಗೆ ಇದೆ, ತಿಂಡಿ ತಿನಿಸಿನ ಹೆಸರಿಗೆ ಒಪ್ಪುತ್ತದೆ. ಆದರೆ ಪದಾರ್ಥಗಳ ಪಟ್ಟಿಯಂಥ ಸಣ್ಣ ಅಕ್ಷರಕ್ಕೆ ದಪ್ಪ ಫಾಂಟ್ ಬೇಡ. ಪ್ರಿಂಟಾಗುವಾಗ ಮಸಿ ಹರಡಿ ದ, ಧ, ಥ ಮೂರೂ ಒಂದೇ ಥರ ಕಾಣುತ್ತವೆ.

ಕೊನೆಗೆ ಡಿಸೈನರ್‌ರಿಂದ ಬರೀ ಜೆಪೆಗ್ ಇಸಿದುಕೊಂಡು ಸುಮ್ಮನಾಗಬೇಡಿ. ಸಿಡಿಆರ್ (ಕೋರೆಲ್ ಡ್ರಾ) ಅಥವಾ ಎಐ (ಇಲ್ಲಸ್ಟ್ರೇಟರ್) ಫೈಲ್, ಪಿಡಿಎಫ್, ಎಸ್‌ವಿಜಿ, ಹಿನ್ನೆಲೆ ಇಲ್ಲದ ಪಿಎನ್‌ಜಿ, ಇಷ್ಟನ್ನೂ ಕೇಳಿ ಪಡೆದು ಗೂಗಲ್ ಡ್ರೈವ್‌ನಲ್ಲಿ ಇಡಿ. ಕೊನೇ ಕಂತಿನ ದುಡ್ಡು ಇವು ಬಂದ ಮೇಲೆ.

ಲೇಬಲ್ಲು

ನನ್ನ ಪ್ರಕಾರ ವೆಬ್‌ಸೈಟಿಗಿಂತ ಮುಂಚೆ ದುಡ್ಡು ಹಾಕಬೇಕಾದ್ದು ಇಲ್ಲಿ. ವೆಬ್‌ಸೈಟ್ ನೋಡದೆ ಕೊಳ್ಳುವವರು ಇದ್ದಾರೆ, ಬಾಟಲಿ ನೋಡದೆ ಕೊಳ್ಳುವವರು ಕಡಿಮೆ.

ಮೊದಲು ಕಾನೂನು. ಹೇಗೂ ಹೊಸ ಲೇಬಲ್ ಮಾಡಿಸುತ್ತಿದ್ದೀರಿ, ಬಿಟ್ಟುಹೋದದ್ದನ್ನೆಲ್ಲ ಈಗಲೇ ಸೇರಿಸಿ. ಹಸಿರು ಚುಕ್ಕಿ, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನ, ಯಾವಾಗಿನ ತನಕ ಬಳಸಬಹುದು ಅನ್ನುವುದು, ಬ್ಯಾಚ್ ನಂಬರ್, ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ, ತಯಾರಕರ ಪೂರ್ತಿ ವಿಳಾಸ, ಗ್ರಾಹಕರು ದೂರು ಹೇಳಲು ಫೋನ್ ಮತ್ತು ಇಮೇಲ್, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್. ಈಚಿನ ವರ್ಷಗಳಲ್ಲಿ ಒಂದು ಗ್ರಾಮಿಗೆ ಇಷ್ಟು ರೂಪಾಯಿ ಅಂತ ಯೂನಿಟ್ ಬೆಲೆಯೂ ಸೇರಿದೆ, ಹಳೆಯ ಲೇಬಲ್‌ಗಳಲ್ಲಿ ಇದೇ ಇರುವುದಿಲ್ಲ. ಈ ವಿವರಗಳು ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಇರಲೇಬೇಕು ಅನ್ನುತ್ತದೆ ನಿಯಮ, ಜೊತೆಗೆ ಕನ್ನಡದಲ್ಲೂ ಹಾಕಲು ಅಡ್ಡಿಯಿಲ್ಲ. ನಾನಾದರೆ ಮುಂಭಾಗದಲ್ಲಿ ಕನ್ನಡ ದೊಡ್ಡದಾಗಿ, ಹಿಂಭಾಗದಲ್ಲಿ ಇಂಗ್ಲಿಷ್ ವಿವರ ಇಡುತ್ತೇನೆ.

"ನ್ಯಾಚುರಲ್", "ಪ್ಯೂರ್", "ಫ್ರೆಶ್", "ಟ್ರೆಡಿಷನಲ್", "ಒರಿಜಿನಲ್" ಅಂತ ಡಿಸೈನರ್ ಚಂದಕ್ಕೆ ಒಂದು ಮುದ್ರೆ ಹಾಕಿ ಕೊಡುತ್ತಾರೆ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ 2018ರಲ್ಲಿ ಬಂದ ನಿಯಮದ ಪ್ರಕಾರ ಇಂಥ ಪದಗಳನ್ನು ಕಂಡಕಂಡಲ್ಲಿ ಬಳಸುವಂತಿಲ್ಲ, ಒಂದೊಂದಕ್ಕೂ ಷರತ್ತು ಇದೆ. ಅದರ ಬದಲು ನೀವು ನಿಜವಾಗಿ ಮಾಡುವುದನ್ನೇ ಬರೆಯಿರಿ. ಉಪ್ಪುನೀರಿನಲ್ಲಿ ಇಟ್ಟ ಮಿಡಿ, ಎಣ್ಣೆ ಹಾಕಿಲ್ಲ, ಸಾಸಿವೆ ಮೆಣಸು ಅರೆದು ಬೆರೆಸಿದ್ದು. ಮಲೆನಾಡಿನ ಮಿಡಿ ಉಪ್ಪಿನಕಾಯಿ ಗೊತ್ತಿರುವವರಿಗೆ ಇದು ಹತ್ತು ಮುದ್ರೆಗಿಂತ ಜಾಸ್ತಿ ಹೇಳುತ್ತದೆ.

ಇನ್ನು ಕಾಗದ. ಉಪ್ಪಿನಕಾಯಿ ಬಾಟಲಿಗೆ ಸಾದಾ ಕಾಗದದ ಸ್ಟಿಕ್ಕರ್ ಅಂಟಿಸಿದರೆ ರಸ ಸೋರಿ ಕಲೆಯಾಗುತ್ತದೆ, ಫ್ರಿಜ್‌ನಲ್ಲಿಟ್ಟು ತೆಗೆದರೆ ಏಳುತ್ತದೆ. ಪ್ಲಾಸ್ಟಿಕ್ ಫಿಲ್ಮ್ ಸ್ಟಿಕ್ಕರ್ ಕೇಳಿ, ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ. ಚಟ್ನಿಪುಡಿ ಪೌಚುಗಳಿಗೆ ನೇರ ಪ್ರಿಂಟ್ ಮಾಡಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ದೊಡ್ಡ ಪ್ರಮಾಣದ ಪೌಚ್ ಪ್ರಿಂಟಿಂಗ್‌ಗೆ ಒಂದೊಂದು ಬಣ್ಣಕ್ಕೂ ಒಂದು ಸಿಲಿಂಡರ್ ಕೊರೆಸಬೇಕು, ಕನಿಷ್ಠ ಆರ್ಡರ್ ಕೂಡ ದೊಡ್ಡದಿರುತ್ತದೆ, ನಾಳೆ ಬೆಲೆಯೋ ವಿಳಾಸವೋ ಬದಲಾದರೆ ಅಷ್ಟೂ ಪೌಚು ಗೋಡೌನ್‌ನಲ್ಲಿ ಕೂರುತ್ತದೆ. ಮೊದಲ ವರ್ಷ ಸಾದಾ ಪೌಚಿಗೆ ಸ್ಟಿಕ್ಕರ್ ಅಂಟಿಸಿಯೇ ಮಾರಿ. ಡಿಸೈನ್‌ನಲ್ಲಿ ತಪ್ಪಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ.

ಫೋನಿನಲ್ಲಿ ಹೊಳೆಯುವ ಕೆಂಪು ಕಾಗದದ ಮೇಲೆ ಮಂಕಾಗುತ್ತದೆ. ಪರದೆಯ ಬಣ್ಣವೇ ಬೇರೆ, ಮಸಿಯ ಬಣ್ಣವೇ ಬೇರೆ. ಸಾವಿರ ಪ್ರಿಂಟ್ ಹೊಡೆಸುವ ಮುಂಚೆ ಒಂದು ಮಾದರಿ ತೆಗೆಸಿ, ಬಾಟಲಿಗೆ ಅಂಟಿಸಿ, ಪರಿಚಯದ ಅಂಗಡಿಯ ಶೆಲ್ಫಿನಲ್ಲಿ ಬೇರೆ ಕಂಪನಿ ಬಾಟಲಿಗಳ ನಡುವೆ ಇಟ್ಟು ದೂರದಿಂದ ನೋಡಿ.

ಅಂಗಡಿ ಇರುವವರು ಬೋರ್ಡನ್ನೂ ಬದಲಿಸುತ್ತೀರಿ, ಅಲ್ವಾ? 2024ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿ ಇರಬೇಕು. ಲೋಗೋವನ್ನು ಬರೀ ಇಂಗ್ಲಿಷ್‌ನಲ್ಲಿ ಮಾಡಿಸಿದವರು ಬೋರ್ಡ್ ಬರೆಸುವ ದಿನ ಪರದಾಡುತ್ತಾರೆ. ಕನ್ನಡ ರೂಪವನ್ನು ಮೊದಲೇ ಬರೆಸಿ, ಇಂಗ್ಲಿಷನ್ನು ಅದಕ್ಕೆ ಹೊಂದಿಸಿ.

ವೆಬ್‌ಸೈಟ್: ಮೊದಲು ಬೀಗದ ಕೈ

ಡಿಸೈನ್ ಮಾತು ಆಮೇಲೆ. ಡೊಮೈನ್, ಅಂದರೆ ನಿಮ್ಮ ವೆಬ್‌ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ? ಇದಕ್ಕೆ ಉತ್ತರ ಗೊತ್ತಿಲ್ಲದ ಉದ್ಯಮಗಳೇ ಹೆಚ್ಚು. ಸೈಟ್ ಮಾಡಿಕೊಟ್ಟವರು ತಮ್ಮ ಅಕೌಂಟಿನಲ್ಲೇ, ತಮ್ಮ ಇಮೇಲ್‌ನಲ್ಲೇ ಡೊಮೈನ್ ತೆಗೆದುಕೊಂಡಿರುತ್ತಾರೆ. ಅವರು ಕೆಲಸ ಬಿಟ್ಟರೆ, ಫೋನ್ ಎತ್ತದಿದ್ದರೆ, ರಿನ್ಯೂ ಮಾಡುವುದನ್ನು ಮರೆತರೆ ಬಾಟಲಿ ಬಾಟಲಿಯ ಮೇಲೂ ಅಚ್ಚಾಗಿರುವ ನಿಮ್ಮ ವಿಳಾಸ ಕೈಬಿಟ್ಟು ಹೋಗುತ್ತದೆ. ಜಗಳ ಇಲ್ಲದಿರುವಾಗಲೇ ಕೇಳಿ ನಿಮ್ಮ ಸ್ವಂತ ಅಕೌಂಟಿಗೆ ವರ್ಗ ಮಾಡಿಸಿಕೊಳ್ಳಿ. ಬೇರೆ ಕಂಪನಿಗೆ ವರ್ಗಾಯಿಸಲು ಆಥ್ ಕೋಡ್ ಅಂತ ಒಂದು ಕೊಡುತ್ತಾರೆ, ಅದನ್ನು ಕೇಳಿ. ಹೋಸ್ಟಿಂಗ್, ಗೂಗಲ್ ಬಿಸಿನೆಸ್ ಪ್ರೊಫೈಲ್, ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂ, ಎಲ್ಲದಕ್ಕೂ ಮನೆಯವರದ್ದೇ ಇಮೇಲ್ ಮತ್ತು ಫೋನ್ ಇರಲಿ, ಡಿಸೈನರ್‌ಗೆ ಬೇಕಾದಷ್ಟು ದಿನ ಪ್ರವೇಶ ಕೊಟ್ಟು ಆಮೇಲೆ ತೆಗೆಯಿರಿ.

ಡೊಮೈನ್ ಹೆಸರನ್ನು ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದನ್ನು ವರ್ಷ ವರ್ಷ ರಿನ್ಯೂ ಮಾಡುತ್ತಲೇ ಇರಿ, ಹಳೆ ವಿಳಾಸ ಒತ್ತಿದವರು ಹೊಸ ಸೈಟಿಗೆ ಬರುವ ಹಾಗೆ ಮಾಡಿ.

ಹಳೆ ಸೈಟಿನಲ್ಲಿ ಏನಿದೆ ನೋಡಿ

ಎಲ್ಲಾ ಅಳಿಸಿ ಹೊಸದು ಹಾಕುವ ಮುಂಚೆ ಪೂರ್ತಿ ಬ್ಯಾಕಪ್ ತೆಗೆಯಿರಿ. ಗೂಗಲ್ ಸರ್ಚ್ ಕನ್ಸೋಲ್ ಅನ್ನುವ ಉಚಿತ ಸೌಲಭ್ಯವಿದೆ, ಅದಕ್ಕೆ ಸೈಟನ್ನು ಜೋಡಿಸಿ ಕೆಲವು ವಾರ ಬಿಟ್ಟು ನೋಡಿದರೆ ಜನ ಏನು ಹುಡುಕಿ ಯಾವ ಪುಟಕ್ಕೆ ಬರುತ್ತಾರೆ ಅಂತ ತೋರಿಸುತ್ತದೆ. ಮುಖಪುಟಕ್ಕಿಂತ ಯಾವುದೋ ಮೂಲೆಯಲ್ಲಿ ಬರೆದಿಟ್ಟ "ಹಲಸಿನ ಹಪ್ಪಳ ಕರಿಯುವುದು ಹೇಗೆ" ಅನ್ನುವ ಪುಟಕ್ಕೇ ಜಾಸ್ತಿ ಜನ ಬರುತ್ತಿರಬಹುದು. ಅಂಥ ಪುಟಗಳನ್ನು ಉಳಿಸಿಕೊಳ್ಳಿ. ವಿಳಾಸ ಬದಲಾಗುವುದಾದರೆ ಪ್ರತಿ ಹಳೆ ಪುಟದಿಂದ ಅದಕ್ಕೆ ಸರಿಹೊಂದುವ ಹೊಸ ಪುಟಕ್ಕೆ 301 ರೀಡೈರೆಕ್ಟ್ (ಹಳೆ ವಿಳಾಸ ಒತ್ತಿದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಹಾಕಿಸಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದು ಸೋಮಾರಿ ಕೆಲಸ, ಹಪ್ಪಳ ಹುಡುಕಿ ಬಂದವರು ಮುಖಪುಟ ನೋಡಿ ವಾಪಸ್ ಹೋಗುತ್ತಾರೆ. ಈ ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಡಿ ಅಂತ ಗೂಗಲ್ಲೇ ಹೇಳುತ್ತದೆ.

ಹಳೆಯ ಕನ್ನಡ ಪುಟಗಳಿದ್ದರೆ ಒಂದು ಪರೀಕ್ಷೆ ಮಾಡಿ. ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಯಾಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಸರಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು, ಗೂಗಲ್ಲಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಆಸ್ಕಿಯಿಂದ (ಆ ಹಳೆಯ ಫಾಂಟುಗಳ ರೂಪ) ಯೂನಿಕೋಡ್‌ಗೆ ಬದಲಿಸುವ ಉಚಿತ ಕನ್ವರ್ಟರ್‌ಗಳಿವೆ, ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ. ಏನೂ ಕಾಪಿ ಆಗದಿದ್ದರೆ ಅದು ಅಕ್ಷರವೇ ಅಲ್ಲ, ಚಿತ್ರ. ಮತ್ತೆ ಟೈಪ್ ಮಾಡಲೇಬೇಕು.

ಹೊಸ ಸೈಟ್ ಎಷ್ಟು ದೊಡ್ಡದಿರಬೇಕು

ಸಣ್ಣದು. ಹದಿನೈದು ಇಪ್ಪತ್ತು ಬಗೆ ಮಾಲಿದ್ದು ದಿನಕ್ಕೆ ಕೆಲವೇ ಆರ್ಡರ್ ಬರುವವರಿಗೆ ಕಾರ್ಟು, ಲಾಗಿನ್ನು, ಕೂಪನ್ನು ಯಾವುದೂ ಬೇಡ. ಪ್ರತಿ ಮಾಲಿನ ಕೆಳಗೆ ಒಂದು ವಾಟ್ಸ್ಯಾಪ್ ಬಟನ್ ಇರಲಿ. ಒತ್ತಿದ ತಕ್ಷಣ "ಜೀರಿಗೆ ಮಿಡಿ ಅರ್ಧ ಕೆಜಿ ಬೇಕು" ಅಂತ ಮೊದಲೇ ಬರೆದ ಮೆಸೇಜ್ ತೆರೆಯುವ ಹಾಗೆ ಆ ಲಿಂಕ್ ಮಾಡಬಹುದು. ವಾಟ್ಸ್ಯಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಕ್ಯಾಟಲಾಗ್ ಕೂಡ ಉಚಿತ. ದುಡ್ಡು ಯುಪಿಐನಲ್ಲಿ ಬರುತ್ತದೆ. ಆರ್ಡರ್ ಬರೆದುಕೊಳ್ಳುವುದಕ್ಕೇ ಒಬ್ಬರು ಬೇಕು ಅನ್ನುವಷ್ಟು ಆದಾಗ ಕಾರ್ಟ್, ಪೇಮೆಂಟ್ ಗೇಟ್‌ವೇ ಬಗ್ಗೆ ಯೋಚಿಸಿ. ಗೇಟ್‌ವೇ ಕೊಡುವವರು ರೀಫಂಡ್, ಶಿಪ್ಪಿಂಗ್, ಪ್ರೈವಸಿ ಪುಟಗಳು ಇವೆಯಾ ಅಂತ ನೋಡಿಯೇ ಒಪ್ಪುವುದು. ಆನ್‌ಲೈನ್ ಮಾರುವವರು ಉದ್ಯಮದ ಹೆಸರು, ವಿಳಾಸ, ದೂರು ಕೇಳುವವರ ಹೆಸರು ಮತ್ತು ನಂಬರ್ ಹಾಕಬೇಕು ಅಂತ 2020ರ ಇ-ಕಾಮರ್ಸ್ ನಿಯಮವೂ ಹೇಳುತ್ತದೆ, ಅವನ್ನು ಈಗಲೇ ಹಾಕಿಡಿ.

ಬೆಲೆ ಹಾಕಿ. "ಬೆಲೆಗೆ ಕರೆ ಮಾಡಿ" ಅಂತ ಬರೆದರೆ ಯಾರೂ ಕರೆ ಮಾಡುವುದಿಲ್ಲ. ಕೊರಿಯರ್ ಖರ್ಚನ್ನೂ ಮೊದಲೇ ಹೇಳಿ: ಕರ್ನಾಟಕದೊಳಗೆ ಕೆಜಿಗೆ ಇಷ್ಟು, ಹೊರ ರಾಜ್ಯಕ್ಕೆ ಇಷ್ಟು. ಗಾಜಿನ ಬಾಟಲಿ ಕಳಿಸುತ್ತೀರಾ, ಪ್ಲಾಸ್ಟಿಕ್ ಡಬ್ಬದಲ್ಲಾ, ದಾರಿಯಲ್ಲಿ ಒಡೆದರೆ ಏನು ಮಾಡುತ್ತೀರಿ, ಅದೂ ಇರಲಿ. ಅಮೆರಿಕಕ್ಕೆ ಕಳಿಸುತ್ತೀರಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಇಲ್ಲ ಅಂತಾದರೆ ಇಲ್ಲ ಅಂತಲೇ ಬರೆಯಿರಿ.

"ನಮ್ಮ ಬಗ್ಗೆ" ಪುಟದಲ್ಲಿ "ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ" ಅಂತ ಬರೆದಿದ್ದರೆ ಅಳಿಸಿ. ಸಿಮೆಂಟ್ ಅಂಗಡಿಯವರೂ ಅದನ್ನೇ ಬರೆದಿದ್ದಾರೆ. ಮಿಡಿ ಎಲ್ಲಿಂದ ತರುತ್ತೀರಿ, ಯಾರು ಹಾಕುತ್ತಾರೆ, ಉಪ್ಪಿನಲ್ಲಿ ಎಷ್ಟು ದಿನ ಇಡುತ್ತೀರಿ, ಯಾವ ತಿಂಗಳಲ್ಲಿ ಹೊಸ ಸರಕು ಬರುತ್ತದೆ. ಅಂಗಡಿಗೆ ಬಂದ ಗಿರಾಕಿಗೆ ಹೇಳುವ ಹಾಗೆ ಹೇಳಿ, ಯಾರಾದರೂ ಅದನ್ನು ರೆಕಾರ್ಡ್ ಮಾಡಿಕೊಂಡು ಬರೆದುಕೊಳ್ಳಲಿ. ಇಂಗ್ಲಿಷ್ ಪುಟವನ್ನು ಮಷಿನ್‌ಗೆ ಕೊಟ್ಟು ಕನ್ನಡ ಮಾಡಿಸಿ ಹಾಗೇ ಹಾಕಬೇಡಿ, ಓದುವವರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ.

ಜನ ಹುಡುಕುವ ರೀತಿಯನ್ನೂ ಗಮನಿಸಿ. ಕೆಲವರು ಕನ್ನಡದಲ್ಲೇ ಟೈಪ್ ಮಾಡುತ್ತಾರೆ. ತುಂಬಾ ಜನ "ಮಿಡಿ ಉಪ್ಪಿನಕಾಯಿ" ಅನ್ನುವುದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಇನ್ನು ಕೆಲವರು "ಟೆಂಡರ್ ಮ್ಯಾಂಗೋ ಪಿಕಲ್" ಅನ್ನುತ್ತಾರೆ. ಮಾಲಿನ ಪುಟದಲ್ಲಿ ಮೂರೂ ರೂಪ ಸಹಜವಾಗಿ ಒಂದೊಂದು ಸಲ ಬಂದರೆ ಸಾಕು.

ಫೋಟೋ ಇಂಟರ್‌ನೆಟ್‌ನಿಂದ ಎತ್ತಬೇಡಿ. ಅದು ಬೇರೆಯವರ ಸೊತ್ತು, ಅದಕ್ಕಿಂತ ಹೆಚ್ಚಾಗಿ ಅದು ನಿಮ್ಮ ಉಪ್ಪಿನಕಾಯಿ ಅಲ್ಲ. ಬೆಳಗ್ಗೆ ಕಿಟಕಿಯ ಪಕ್ಕ, ಲೈಟ್ ಆರಿಸಿ, ಫೋನಿನಲ್ಲೇ ತೆಗೆಯಿರಿ. ಬಾಟಲಿಯ ಮುಂಭಾಗ ಒಂದು, ಹಿಂಭಾಗದ ವಿವರ ಓದುವ ಹಾಗೆ ಒಂದು, ಬಟ್ಟಲಿಗೆ ಬಡಿಸಿದ್ದು ಒಂದು.

ಆ ಫೋಟೋಗಳನ್ನು ಹಾಗೇ ಏರಿಸಿದರೆ ಒಂದೊಂದೂ ನಾಲ್ಕೈದು ಎಂಬಿ. ಸ್ಕ್ವೂಶ್ ಅನ್ನುವ ಉಚಿತ ಸೈಟಿನಲ್ಲಿ ವೆಬ್‌ಪಿ ಮಾಡಿ ಸಣ್ಣದಾಗಿಸಿ. ಮುಖಪುಟದಲ್ಲಿ ತಿರುಗುವ ಸ್ಲೈಡರ್, ತಾನೇ ಓಡುವ ವಿಡಿಯೋ, ತೆರೆದ ಕೂಡಲೇ ಎದುರಿಗೆ ಬರುವ ಪಾಪ್‌ಅಪ್, ಮೂರನ್ನೂ ತೆಗೆಸಿ. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೈಟಿನ ವಿಳಾಸ ಹಾಕಿದರೆ ಮುಖ್ಯ ಭಾಗ ಕಾಣಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳುತ್ತದೆ, 2.5 ಸೆಕೆಂಡಿನೊಳಗೆ ಇದ್ದರೆ ಗೂಗಲ್ ಲೆಕ್ಕದಲ್ಲಿ ಒಳ್ಳೆಯದು. ಅದಕ್ಕಿಂತ ಒಳ್ಳೆಯ ಪರೀಕ್ಷೆ ಅಂದರೆ ಮನೆಯಲ್ಲಿರುವ ಅತಿ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಆಫ್ ಮಾಡಿ, ಘಟ್ಟದ ಕಡೆ ಒಂದೇ ಕಡ್ಡಿ ಸಿಗ್ನಲ್ ಇರುವ ಜಾಗದಲ್ಲಿ ತೆರೆದು ನೋಡುವುದು.

ಕನ್ನಡ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬೇಕು. ಲೈನ್ ಹೈಟ್ 1.6ರಿಂದ 1.8 ಇಡಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಬಟನ್‌ಗಳ ಮೇಲಿನ ಕನ್ನಡವನ್ನೂ ನೋಡಿ, ಅಲ್ಲಿ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗುವುದು ಜಾಸ್ತಿ.

ಗೂಗಲ್ ಮ್ಯಾಪ್‌ನಲ್ಲಿರುವ ನೀವು

ಊರಿಗೆ ಬಂದ ಪ್ರವಾಸಿ ನಿಮ್ಮ ವೆಬ್‌ಸೈಟ್ ನೋಡುವುದಿಲ್ಲ, ಮ್ಯಾಪ್ ನೋಡುತ್ತಾನೆ. ಬಿಸಿನೆಸ್ ಪ್ರೊಫೈಲ್‌ನಲ್ಲಿ ಸಮಯ, ನಂಬರ್, ಹೊಸ ಫೋಟೋ ಸರಿಯಾಗಿರಲಿ. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರಷ್ಟೇ ಹಾಕಿ. "ಬೆಸ್ಟ್ ಪಿಕಲ್ ಇನ್ ಶಿರಸಿ" ಅಂತೆಲ್ಲ ಸೇರಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು. ಮನೆಯಲ್ಲೇ ತಯಾರಿಸಿ ತಾವೇ ಗಿರಾಕಿಗೆ ತಲುಪಿಸುವವರು, ಗಿರಾಕಿ ಮನೆಗೆ ಬರುವುದು ಬೇಡ ಅನ್ನುವವರು ವಿಳಾಸ ಮರೆಮಾಡಬಹುದು. ಹೊಸ ಪ್ರೊಫೈಲ್ ತೆರೆಯಬೇಡಿ, ಹಳೆಯದನ್ನೇ ತಿದ್ದಿ, ಅಲ್ಲಿರುವ ರಿವ್ಯೂಗಳು ವರ್ಷಗಳ ಸಂಪಾದನೆ.

ಬದಲಾದದ್ದನ್ನು ಹೇಳುವುದು

ಅಂಗಡಿಯವರಿಗೆ ಮೊದಲು ಹೇಳಿ. ಹೊಸ ಬಾಟಲಿ ನೋಡಿದ ಗಿರಾಕಿ ಕೇಳುವ ಮೊದಲ ಪ್ರಶ್ನೆ "ಇದು ಡೂಪ್ಲಿಕೇಟ್ ಅಲ್ವಾ?" ಅಂತ. ಅಂಗಡಿಯವರು "ಗೊತ್ತಿಲ್ಲ" ಅಂದರೆ ಮುಗಿಯಿತು. ಹಳೆ ಬಾಟಲಿ, ಹೊಸ ಬಾಟಲಿ ಪಕ್ಕಪಕ್ಕ ಇರುವ ಒಂದು ಫೋಟೋವನ್ನು ಅವರಿಗೆಲ್ಲ ವಾಟ್ಸ್ಯಾಪ್ ಮಾಡಿ, ಕಾಯಂ ಗಿರಾಕಿಗಳಿಗೂ ಕಳಿಸಿ, ಸ್ಟೇಟಸ್‌ಗೂ ಹಾಕಿ. ಮೊದಲ ಎರಡು ಮೂರು ತಿಂಗಳು ಮುಚ್ಚಳದ ಮೇಲೆ "ಹೊಸ ಲೇಬಲ್, ಅದೇ ಉಪ್ಪಿನಕಾಯಿ" ಅಂತ ಸಣ್ಣ ಸ್ಟಿಕ್ಕರ್ ಇರಲಿ. ಇದೇ ಸಮಯದಲ್ಲಿ ಬೆಲೆ ಏರಿಸಬೇಡಿ, ತೂಕ ಇಳಿಸಬೇಡಿ. ಲೇಬಲ್‌ಗಾಗಿಯೇ ಬೆಲೆ ಏರಿಸಿದರು ಅಂತ ಮಾತು ಬರುತ್ತದೆ.

ಹಳೆ ಸ್ಟಿಕ್ಕರ್ ಉಳಿದಿದ್ದರೆ, ಅದರಲ್ಲಿ ವಿವರಗಳೆಲ್ಲ ಸರಿ ಇದ್ದರೆ, ಮೊದಲು ಅದನ್ನು ಊರಿನ ಮಾರಾಟಕ್ಕೆ ಖರ್ಚು ಮಾಡಿ. ಹೊಸದು ದೂರದ ಆರ್ಡರ್‌ಗಳಿಗೆ ಹೋಗಲಿ.

ಪ್ರಯೋಜನ ಆಯಿತಾ ಅಂತ ತಿಳಿಯಲು ಆರ್ಡರ್ ಪುಸ್ತಕದಲ್ಲಿ ಒಂದು ಕಾಲಂ ಹೆಚ್ಚಿಗೆ ಗೆರೆ ಹಾಕಿ: "ಎಲ್ಲಿಂದ ಗೊತ್ತಾಯಿತು?" ಹೊಸ ಗಿರಾಕಿಯನ್ನು ಮಾತ್ರ ಕೇಳಿದರೆ ಸಾಕು. ಅಂಗಡಿಯಲ್ಲಿ ನೋಡಿ, ಗೂಗಲ್‌ನಲ್ಲಿ, ಯಾರೋ ಹೇಳಿ, ಹೀಗೆ. ಹೋಲಿಸುವಾಗ ಹೋದ ತಿಂಗಳ ಜೊತೆ ಹೋಲಿಸಬೇಡಿ, ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ, ಏಕೆಂದರೆ ಮಿಡಿ ಹೊಸದಾಗಿ ಬಂದಾಗ ಮಾರಾಟ ಏರುವುದು ಲೋಗೋದಿಂದ ಅಲ್ಲ. ಸರ್ಚ್ ಕನ್ಸೋಲ್‌ನಲ್ಲಿ ಮೊದಲ ಕೆಲವು ವಾರ ಸಂಖ್ಯೆ ಏರುಪೇರಾಗುತ್ತದೆ, ಗಾಬರಿಯಾಗಿ ಮತ್ತೆ ಏನೇನೋ ಬದಲಿಸಬೇಡಿ. "ಪುಟ ಸಿಗಲಿಲ್ಲ" ಅಂತ 404 ತೋರಿಸುತ್ತಿರುವ ವಿಳಾಸಗಳ ಪಟ್ಟಿ ಅಲ್ಲೇ ಸಿಗುತ್ತದೆ, ಅವನ್ನು ವಾರಕ್ಕೊಮ್ಮೆ ನೋಡಿ ಒಂದೊಂದಾಗಿ ಸರಿ ಮಾಡಿಸಿ. ಡೊಮೈನ್ ರಿನ್ಯೂ ತಾರೀಖು, ಎಫ್‌ಎಸ್‌ಎಸ್‌ಎಐ ತಾರೀಖು ಎರಡನ್ನೂ ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಫೋನಿನಲ್ಲೂ ಅಲಾರಂ ಇಡಿ.